ಅಮ್ಮ ಹಳೆ ಸೀರೆಯಲ್ಲಿ ಬರಬೇಕಂತೆ

ಉಜಿರೆ, 21 ಆಗಸ್ಟ್, ಗುರುವಾರ

ಸಹಾಯ ಮಾಡುವವರ ಬಗ್ಗೆ ಹೀಗೆ ಬರೆಯುವುದು ತಪ್ಪು, ಕ್ಷಮೆ ಇರಲಿ. ಬರೆಯದಿದ್ದರೆ ನಿದ್ರೆ ಬರುವುದಿಲ್ಲ.

ಒಂದು ಕಂಪೆನಿ, ಒಂದು ಟ್ರಸ್ಟ್ ಮತ್ತು ನಮ್ಮ ಕಾಲೇಜು ಸೇರಿ ನನ್ನ ಹಾಸ್ಟೆಲ್ ಫೀಸ್ ಕಟ್ಟುತ್ತವೆ. ಶನಿವಾರ ಕಂಪೆನಿಯವರು ಅದರ ವಿಡಿಯೋ ಮಾಡಲು ಬರುತ್ತಾರೆ. ಅದಕ್ಕೇ ಇವತ್ತು ಈ ನೆರವಿನ ಕೋಆರ್ಡಿನೇಟರ್ ಜಯೇಶ್ ಸರ್ ನನ್ನನ್ನು ಎದುರು ನಿಲ್ಲಿಸಿ, ನರಿಕೊಂಬಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು.

"ಕುಸುಮಕ್ಕ, ಬರುವಾಗ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಗೆರಸೆ ತನ್ನಿ. ಮನೆಯಲ್ಲಿ ಉಡುವ ಹಳೆ ಸೀರೆ ಸಾಕು. ರಿಯಲ್ ಆಗಿ ಕಾಣ್ತದೆ."

"ನಾಲ್ಕು ಜನ ಸೇರುವಲ್ಲಿಗೆ ಹಳೆ ಸೀರೆಯಾ ಸರ್?" ಅಮ್ಮ ನಕ್ಕಳು. "ಕಂಪೆನಿಯವರು ಕೂಡ ಮನೆಯ ಲುಂಗಿಯಲ್ಲೇ ಬರ್ತಾರಾ?"

ಸರ್ ನಗಲಿಲ್ಲ. ಫೋನ್ ಇಟ್ಟು ನನಗೆ ಹೇಳಿದರು, "ಮುಂದಿನ ವರ್ಷಕ್ಕೆ ರಿನ್ಯೂವಲ್ ಉಂಟು ಸಾತ್ವಿಕಾ. ಅಮ್ಮನಿಗೆ ನೀನೇ ಸ್ವಲ್ಪ ಹೇಳು ಮಾರಾಯ್ತಿ."

ಆ ಮೂರೂ ಸಂಸ್ಥೆಗಳು ಸೇರದಿದ್ದರೆ ನಾನೂ ಈಗ ಬೀಡಿಯೇ ಕಟ್ಟುತ್ತಿದ್ದೆ. ಅದು ನಿಜ, ಮತ್ತು ನಿಜವಾದ್ದರಿಂದಲೇ ಹೆಚ್ಚು ಸಿಟ್ಟು ಬರುತ್ತದೆ. ಬ್ಯಾನರಿನಲ್ಲಿ ಪಾಲುದಾರರು ಅಂತ ಮೂರು ಲೋಗೋ ಹಾಕಿದ್ದಾರೆ. ನನ್ನ ಪುಸ್ತಕ, ಬಟ್ಟೆ, ಬಸ್ ಪಾಸ್ ಎಲ್ಲ ಅಮ್ಮನ ಬೀಡಿಯಿಂದ ಬಂದದ್ದು. ಅವಳಿಗೆ ಅಲ್ಲಿ ಫಲಾನುಭವಿಯ ತಾಯಿ ಎಂದು ಹೆಸರು. ಅಂಥವಳು ಚೆನ್ನಾಗಿ ಉಟ್ಟು ಬಂದರೆ ಇಂಪ್ಯಾಕ್ಟ್ ಕಾಣುವುದಿಲ್ಲವೇನೋ.

ರಿನ್ಯೂವಲ್ ಹೋದರೆ ಏನು ಮಾಡುವುದೆಂದು ಗೊತ್ತಿಲ್ಲ. ಆದರೂ ಈಗಷ್ಟೇ ಮೆಸೇಜ್ ಕಳಿಸಿದೆ: ಅಮ್ಮ, ಬರುವುದಾದರೆ ಮದುವೆಗೆ ಉಡುವ ಸೀರೆಯಲ್ಲೇ ಬಾ, ಇಲ್ಲದಿದ್ದರೆ ಬರುವುದೇ ಬೇಡ. ನೀನು ಹೇಗೆ ಬರುತ್ತೀ ಎಂದು ನಾಳೆ ಸರ್‌ಗೆ ನಾನು ಹೇಳಬೇಕು, ಬೇಗ ಉತ್ತರ ಕೊಡು.