ಎಡಗೈಗೆ ಹೊಂದುವ ಚಾಕು

ಅಪ್ಪಾ,

ಇವತ್ತು ಚಾಕು ಕೊಳ್ಳೋಕೆ ಹೋಗಿದ್ದೆ. ನೀನು ಕಣ್ಣು ಮುಚ್ಚಿದ ಮೇಲೆ ಸೋಫಾ ಹೊಲಿಯೋ ಅಂಗಡಿ ನಾನೇ ನೋಡ್ಕೊಳ್ತಿದ್ದೀನಿ. ಜೇಬಲ್ಲೊಂದು ಒಳ್ಳೆ ಮಡಚೋ ಚಾಕು ಇಲ್ಲದೆ ಕೈ ಕಟ್ಟಿಹಾಕಿದ ಹಾಗಾಗಿತ್ತು. ನಿನ್ನದನ್ನು ಅಣ್ಣ ನಿನ್ನ ಜೇಬಲ್ಲೇ ಇಟ್ಟು ಕಳಿಸಿಬಿಟ್ಟನಲ್ಲ.

ಚಾಕು ಅಂಗಡಿಯ ಮುದುಕರು ಇರೋದರಲ್ಲೇ ದುಬಾರಿಯವನ್ನು ಮುಂದಿಟ್ಟರು. ಕೊಂಬಿನ ಹಿಡಿಯದು ಕಣ್ಣಿಗೆ ಹಬ್ಬ, ಆದರೆ ಬಿಚ್ಚೋಕೆ ಎರಡೂ ಕೈ ಬೇಕು. ಟೈಟಾನಿಯಂ ಹಿಡಿಯದು ಹಗುರ, ಹೆಬ್ಬೆರಳು ತಾಕಿಸಿದರೆ ಟಕ್ ಅಂತ ತೆರೆದುಕೊಳ್ಳುತ್ತೆ. ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿತ್ತು.

"ಯಾರಿಗಮ್ಮಾ?" ಅಂದರು.

"ನಮ್ಮಪ್ಪನಿಗೆ" ಅಂದುಬಿಟ್ಟೆ. ಯಾಕಂದೆನೋ ಗೊತ್ತಿಲ್ಲ.

"ಬಲಗೈಯವರಾ?"

"ಇಲ್ಲ, ಎಡಗೈ. ಹೆಬ್ಬೆರಳು ಸರಿಯಾಗಿ ಮಡಚಲ್ಲ."

"ಹಾಗಾದ್ರೆ ಇದು ಬೇಡ. ಇದರ ಲಾಕು ಬಲಗೈಯವರಿಗೆ ಮಾಡಿದ್ದು. ಮುಚ್ಚೋವಾಗ ಬೆರಳು ಕುಯ್ದುಕೊಂಡಾರು." ಮರದ ಹಿಡಿಯದೊಂದನ್ನು ನನ್ನ ಕಡೆ ತಳ್ಳಿದರು. "ಇದು ಯಾವ ಕೈಗಾದ್ರೂ ಸರಿ. ಇನ್ನೂ ಕೆಲಸ ಮಾಡ್ತಾರಾ?"

"ಬೇಡ ಅಂದ್ರೂ ಕೇಳಲ್ಲ" ಅಂದೆ. ಅವರು ನಕ್ಕರು, ನಾನೂ ನಕ್ಕೆ. ಮನೇಲಿ ಈಗ ಯಾರೂ ನಿನ್ನ ಮಾತು ಎತ್ತೋದಿಲ್ಲ. ಅಮ್ಮ ಅಳ್ತಾಳೆ ಅಂತ ಹೆದರಿಕೆ.

ಮರದ ಹಿಡಿಯದನ್ನೇ ಕೊಂಡೆ. ನನ್ನ ಕೈಗೆ ಅದು ದೊಡ್ಡದಾಯ್ತು, ಅಪ್ಪಾ.

ಹೊರಟಾಗ ಅವರು ಬಾಗಿಲವರೆಗೂ ಬಂದರು. "ಹಿಡಿಸದಿದ್ರೆ ಅಪ್ಪನ್ನೇ ಕರ್ಕೊಂಡು ಬಾಮ್ಮಾ. ಬದಲಾಯಿಸಿ ಕೊಡ್ತೀನಿ."

"ಹೂಂ, ಕರ್ಕೊಂಡು ಬರ್ತೀನಿ" ಅಂದೆ.