ಇಡೀ ವರ್ಷದ ಕಟ್ಟು

ಪ್ರೀತಿಯ ಅಕ್ಕ,

ನಮ್ಮ ಗುಬ್ಬಿ ಮನೆಯಲ್ಲೇ ಓದೋದಕ್ಕೆ ನಿನ್ನ ಅಂಗಡಿಯಿಂದ ಪುಸ್ತಕ ಕಳಿಸಲಾ, ಇಲ್ಲಾ ಅದೇ ಪಾಠ ಟ್ಯಾಬ್‌ಗೆ ಹಾಕಿಸಲಾ ಅಂತ ಕೇಳಿದ್ದೀಯ. ಯೋಚಿಸಿ ಯೋಚಿಸಿ ತಲೆ ಮೊಸರುಗಡಿಗೆಯಾಗಿದೆ. ಪುಸ್ತಕ ಹಿಡಿದರೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಕೈ ನೋಯುತ್ತೆ. ಟ್ಯಾಬ್ ನೋಡಿದರೆ ಕಣ್ಣು ಉರಿಯುತ್ತೆ ಅಂತಾಳೆ. ಬೆಳಿಗ್ಗೆ ಟ್ಯಾಬ್ ಸರಿ ಅನ್ನಿಸಿದರೆ ಸಂಜೆಗೆ ಪುಸ್ತಕವೇ ವಾಸಿ ಅನ್ನಿಸುತ್ತೆ.

ಇವರು, "ಟ್ಯಾಬೇ ಇರಲಿ ಬಿಡು. ಪುಸ್ತಕ ಆದ್ರೆ ತಿಂಗಳಿಗೊಂದರಂತೆ ಇಡೀ ವರ್ಷದ್ದು ಒಟ್ಟಿಗೆ ತಗೋಬೇಕು. ಟ್ಯಾಬಲ್ಲಾದ್ರೆ ತಿಂಗಳು ತಿಂಗಳಿಗೆ ತಗೋಬಹುದು" ಅಂದರು. ಡಾಕ್ಟರೂ ಹಾಗೇ ತಾನೇ ಹೇಳಿದ್ದು, ತಿಂಗಳು ತಿಂಗಳು ನೋಡೋಣ ಅಂತ. ಅಷ್ಟು ಹೇಳಿ ಇವರು ಎದ್ದುಹೋಗಿ, ತುಂಬಿದ ಬಕೆಟ್ಟಿಗೇ ಮತ್ತೆ ನಲ್ಲಿ ತಿರುಗಿಸಿದರು.

ಒಳಗಿಂದ ಗುಬ್ಬಿ, "ಅಮ್ಮಾ, ಪುಸ್ತಕ ಬಂದ್ರೆ ನಾನು ಕೊನೇ ಪಾಠನೇ ಮೊದಲು ನೋಡೋದು" ಅಂತ ಕೂಗಿದಳು. ಅವಳ ಚಾಳಿ ನಿನಗೆ ಗೊತ್ತಲ್ಲ.

ಸರಿಯೋ ತಪ್ಪೋ ನನಗೆ ತಿಳೀತಿಲ್ಲ. ಪುಸ್ತಕಾನೇ ಕಳಿಸು, ಇಡೀ ವರ್ಷದ್ದು. ಬೈಂಡು ಹಾಕೋ ಕಾಗದಾನೂ ಜೊತೆಗಿಡು. ಕಟ್ಟುವಾಗ ಮಾತ್ರ ಕೊನೇ ತಿಂಗಳ ಪುಸ್ತಕ ಎಲ್ಲಕ್ಕಿಂತ ಮೇಲಿರಲಿ.

ನಿನ್ನ ತಂಗಿ