ಬಾಗಿಲಿಗೆ ಅಡ್ಡ ಕೂತವರು
ಫೆಸ್, ನವೆಂಬರ್ ೧೪, ರಾತ್ರಿ

ಅವನ ಮಾತು ಇನ್ನೂ ಕಿವಿಯಲ್ಲೇ ಇದೆ. ಚಿತ್ರ ಕೊಳ್ಳಲು ಪ್ಯಾರಿಸ್ಸಿನಿಂದ ಬಂದವನು ನನ್ನವರು ಬರೆದ ಚಿತ್ರದ ಮುಂದೆ ನಿಂತು, "ಬಿಳಿಯುಟ್ಟ ಮದುಮಗಳು, ಪಕ್ಕದಲ್ಲಿ ಗೆಳತಿಯರು, ಎಂಥ ಸಂಭ್ರಮ!" ಎಂದ. ನನ್ನ ಮೈಮೇಲೂ ಬಿಳಿಯೇ ಇತ್ತು. ನಮ್ಮಲ್ಲಿ ಗಂಡ ಸತ್ತವಳು ಶೋಕ ಮುಗಿಯುವವರೆಗೆ ಉಡುವ ಬಿಳಿ.

ಅತ್ತೆ ಲಲ್ಲಾ ಝೋರ್ ನಕ್ಕುಬಿಟ್ಟರು. "ಮದುಮಗಳಲ್ಲಪ್ಪ, ಅದು ನಾನು. ನಮ್ಮ ಯಜಮಾನರು ತೀರಿಕೊಂಡ ವರ್ಷ ಮಗ ಬರೆದದ್ದು. ಅವರಿಬ್ಬರು ನನ್ನ ನಾದಿನಿಯರು. ಎಲ್ಲಿ ಕೂತಿದ್ದಾರೆ ನೋಡು, ಬಾಗಿಲಿಗೆ ಅಡ್ಡ! ನಾನೇನು ಓಡಿಹೋಗ್ತಿದ್ನಾ?"

ಇವರಿಗಾದರೂ ಅರ್ಥವಾಗುತ್ತದೆ ಅಂದುಕೊಂಡೆ. ಅವನು ಹೋದ ಮೇಲೆ, ಶೋಕ ಮುಗಿದೊಡನೆ ತವರಿಗೆ ಹೋಗಲೇ ಎಂದು ಕೇಳಿಯೂಬಿಟ್ಟೆ.

"ಆಮೇಲೆ ನೋಡೋಣ ಮಗಳೇ, ಮಲಕ್ಕೋ ಹೋಗು."

ಈಗ ನೀರು ಕುಡಿಯಲು ಎದ್ದು ಬಾಗಿಲು ತೆರೆದೆ. ಅತ್ತೆ ನನ್ನ ಹೊಸ್ತಿಲಿಗೆ ಅಡ್ಡ ಹಾಸಿಗೆ ಹಾಸಿಕೊಂಡು ಮಲಗಿದ್ದಾರೆ.